ಗೊರಕೆ ನಡುವೆ ಉಸಿರು ನಿಲ್ಲುತ್ತಿದ್ದರೆ ಆಪರೇಷನ್‌ಗೆ ಮುಂಚೆ ಹೇಳಲೇಬೇಕಾ?

ಹೇಳಲೇಬೇಕು, ಇದು ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲೋ ತೊಂದರೆ ಇರಬಹುದು. ಮಾಳಿಗೆ ಮೇಲೆ ಮಲಗಿದ ಅಪ್ಪನ ಗೊರಕೆ ತಟ್ಟನೆ ನಿಂತು, ಆಮೇಲೆ ಗಕ್ಕನೆ ಉಸಿರೆಳೀತಾರೆ ಅಂತ ಬರೆದಿದ್ದೀರಲ್ಲ, ಅದೇ ಗುರುತು. ಖಚಿತ ಆಗೋದು ನಿದ್ದೆಯಲ್ಲಿ ಉಸಿರಾಟ ಅಳೆಯೋ ಸ್ಲೀಪ್ ಟೆಸ್ಟ್‌ನಿಂದ ಮಾತ್ರ.

ಕಲಬುರಗಿಯಲ್ಲಿ ಅವರ ಹರ್ನಿಯಾ ಆಪರೇಷನ್ ಮುಂದಿನ ವಾರ ಅಂದರೆ ಇವತ್ತು ರಾತ್ರಿಯೇ ಫೋನಿನಲ್ಲಿ ವಿಡಿಯೊ ಮಾಡಿ. ನಮ್ಮ ಕಾಕಾ 'ನಾನೆಲ್ಲಿ ಗೊರಕೆ ಹೊಡೀತೀನಿ' ಅಂತ ಡಾಕ್ಟರ ಎದುರೇ ವಾದ ಹಾಕಿದ್ದರು, ವಿಡಿಯೊ ನೋಡಿ ಸುಮ್ಮನಾದರು. ಸರ್ಜನ್‌ಗೆ ಹೇಳಿದರೆ ಸಾಲದು, ಅರಿವಳಿಕೆ ಡಾಕ್ಟರನ್ನೇ ಕಾಣಬೇಕು. ಅವರು ಸ್ಟಾಪ್-ಬ್ಯಾಂಗ್ ಅನ್ನೋ 8 ಪ್ರಶ್ನೆ ಕೇಳಬಹುದು: ಬಿಪಿ, ಹಗಲು ತೂಕಡಿಕೆ, 50 ದಾಟಿದ ವಯಸ್ಸು, ಕುತ್ತಿಗೆ ಸುತ್ತಳತೆ ಹೀಗೆ. 3 'ಹೌದು' ಬಂದರೂ ಎಚ್ಚರ ಬೇಕು, 5 ಅಥವಾ ಜಾಸ್ತಿ ಬಂದರೆ ಅಪಾಯ ಹೆಚ್ಚು.

ಅರಿವಳಿಕೆ, ಮಾರ್ಫಿನ್ ತರದ ನೋವಿನ ಔಷಧಿ ಗಂಟಲನ್ನು ಸಡಿಲ ಮಾಡುತ್ತವೆ, ಉಸಿರು ಕಟ್ಟಿದರೂ ಮನುಷ್ಯನಿಗೆ ಬೇಗ ಎಚ್ಚರ ಆಗಲ್ಲ. ಹಾಗಾಗಿ ಆಪರೇಷನ್ ಟೇಬಲ್‌ಗಿಂತ ಆಮೇಲಿನ ರಾತ್ರಿಗಳದ್ದೇ ನನಗೆ ಜಾಸ್ತಿ ಚಿಂತೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಬಹುದಾ, ಅಂಥ ಔಷಧಿ ಕಡಿಮೆ ಮಾಡಬಹುದಾ, ರಾತ್ರಿಯಿಡೀ ಬೆರಳಿಗೆ ಆಕ್ಸಿಜನ್ ನೋಡೋ ಕ್ಲಿಪ್ ಇರುತ್ತಾ ಕೇಳಿ. ದಿನ ಮುಂದೂಡಬೇಕಾ ಅನ್ನೋದೂ ಅವರೇ ಹೇಳಬೇಕು.

ಮನೆಗೆ ಬಂದ ಮೇಲೆ ಅಂಗಾತ ಮಲಗಿಸಬೇಡಿ, ತಲೆ ಕಡೆ ಎತ್ತರ ಮಾಡಿ. ನಿದ್ದೆ ಮಾತ್ರೆ, ಸೆರೆ (ಮದ್ಯ) ಎರಡೂ ಬೇಡ. ಮೊದಲೇ ಸಿಪ್ಯಾಪ್ ಮಷಿನ್ (ಮಲಗಿದಾಗ ಮಾಸ್ಕ್‌ನಿಂದ ಗಾಳಿ ಒತ್ತಿ ಉಸಿರಿನ ದಾರಿ ತೆರೆದಿಡೋದು) ಇದ್ದರೆ ಆಸ್ಪತ್ರೆಗೆ ಜೊತೆಗೇ ಒಯ್ಯಿರಿ.