ಹಳೆ ಕಾಲದ ಕೆಲಸ ಮಾಡಿಸಿದರೆ ಮಕ್ಕಳಿಗೆ ಇತಿಹಾಸ ತಿಳಿಯುತ್ತದೆಯೇ?

ತಿಳಿಯುತ್ತದೆ, ಆದರೆ ಎಲ್ಲಾ ಅಲ್ಲ. ಯಾರು ಯಾವಾಗ ಆಳಿದರು ಅನ್ನೋದಕ್ಕೆ ಪುಸ್ತಕವೇ ಬೇಕು. ಒಂದು ಕೆಲಸಕ್ಕೆ ಎಷ್ಟು ಹೊತ್ತು, ಎಷ್ಟು ಕಸುವು ಬೇಕಿತ್ತು ಅನ್ನೋದು ಮಾತ್ರ ಕೈಗೇ ಗೊತ್ತಾಗಬೇಕು.

ಬೀಸುವ ಕಲ್ಲನ್ನೇ ನೋಡಿ. ಧಾರವಾಡದ ಕಡೆ ಹಳೆ ಮನೆಗಳ ಮೂಲೆಯಲ್ಲಿ ಈಗಲೂ ಸಿಗುತ್ತದೆ. ಹುಡುಗರ ಮುಂದಿಟ್ಟು, ಎರಡು ರೊಟ್ಟಿಗಾಗುವಷ್ಟು ಜೋಳ ಬೀಸಲು ಹೇಳಿ. ಮೊದಲು ಅವಸರಕ್ಕೆ ಮುಷ್ಟಿಗಟ್ಟಲೆ ಕಾಳು ಸುರಿಯುತ್ತಾರೆ. ಹಿಟ್ಟಿನ ಬದಲು ನುಚ್ಚು ಬೀಳುತ್ತದೆ. ಆಮೇಲೆ ಸ್ವಲ್ಪ ಸ್ವಲ್ಪವೇ ಹಾಕಿ, ಒಂದೇ ಹದದಲ್ಲಿ ತಿರುಗಿಸಲು ಕಲಿಯುತ್ತಾರೆ. ಅಷ್ಟರಲ್ಲಿ ರಟ್ಟೆ ನೋಯಲು ಶುರು. ಎದುರು ಇನ್ನೊಬ್ಬರು ಕೂತು ಗೂಟ ಹಿಡಿದರೆ ಹಗುರ. ಜೊತೆಗೆ ಹಾಡಿದರೆ ಇಬ್ಬರ ಕೈಯೂ ಒಂದೇ ಲಯಕ್ಕೆ ಬರುತ್ತದೆ. ಬೀಸುವ ಪದಗಳು ಯಾಕೆ ಹುಟ್ಟಿದವು ಅಂತ ಆಗ ಬೇರೆ ಹೇಳಬೇಕಿಲ್ಲ, ಅಲ್ವಾ?

ಗದಗ ಹತ್ತಿರದ ಲಕ್ಕುಂಡಿ ಗುಡಿಗಳಿಗೂ ಇದೇ ಮಾತು. ಅಷ್ಟು ಸಣ್ಣ ಕುಸುರಿ ಹೇಗೆ ಸಾಧ್ಯವಾಯಿತು? ಒಂದು ಚೂರು ಬಳಪದ ಕಲ್ಲು, ಒಂದು ಚೂರು ಗ್ರಾನೈಟ್ ಕೊಟ್ಟು ಮೊಳೆಯಿಂದ ಗೀರಲು ಹೇಳಿ. ಬಳಪದ ಕಲ್ಲು ಮೆತ್ತಗೆ, ಸುಲಭವಾಗಿ ಗೀರು ಬೀಳುತ್ತದೆ. ಆ ಗುಡಿಗಳನ್ನು ಕಟ್ಟಿದ್ದು ಈ ಮೆತ್ತನೆ ಕಲ್ಲಿನಲ್ಲೇ. (ಗುಡಿಯ ಕಲ್ಲಿನ ಮೇಲೆ ಗೀರಬೇಡಿ ಮತ್ತೆ!)

ಆದರೆ ಮಕ್ಕಳು ಅರ್ಧ ಗಂಟೆ ಬೀಸಿ ಎದ್ದುಬಿಡುತ್ತಾರೆ. ದಿನಾ ನಸುಕಿಗೇ ಎದ್ದು ಬೀಸಿದವರ ಬೇಸರ ಅದರಲ್ಲಿ ಸಿಗೋದಿಲ್ಲ. ಅದಕ್ಕೆ ಮನೆಯಲ್ಲಿರುವ ಅಜ್ಜಿಯನ್ನೇ ಕೇಳಬೇಕು.