ಆ ಲೋಟಗಳಲ್ಲಿ ನೀರು ಕುಡಿಯಿರಿ

ಓದುಗರ ಪತ್ರ: ನನ್ನ ಮಗಳು ಟೋಕಿಯೊದ ನಿಶಿಕಸಾಯಿಯಲ್ಲಿದ್ದಾಳೆ. ನಮ್ಮ ಮದುವೆಯ ನಲವತ್ತನೇ ವರ್ಷಕ್ಕೆಂದು ‘ಎದೊ ಕಿರಿಕೊ’ ಎಂಬ ಕೆತ್ತನೆ ಗಾಜಿನ ಎರಡು ಲೋಟ ತಂದುಕೊಟ್ಟಳು. ಒಂದು ಕೆಂಪು, ಒಂದು ನೀಲಿ. ಬೆಲೆ ಕೇಳಿ ಎದೆ ಧಸಕ್ಕೆಂದಿತು. ಶೋಕೇಸಿನಲ್ಲಿಟ್ಟು ಬೀಗ ಹಾಕಿದ್ದೇವೆ. ಈ ಸಲ ಊರಿಗೆ ಬಂದವಳು ಅದನ್ನು ಕಂಡು ಮುನಿಸಿಕೊಂಡಳು, ಕುಡಿಯಲು ಕೊಟ್ಟದ್ದು ಎನ್ನುತ್ತಾಳೆ. ಕೈಜಾರಿದರೆ ಗತಿಯೇನು? ಅಂಥದೇ ವಿನ್ಯಾಸದ ಲೋಟ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವಾಗ ಕೈಕೆಲಸದ ಗಾಜು ದಿನಬಳಕೆಗೆ ಏಕೆ ಬೇಕು? ಇಂಥವು ವಸ್ತುಸಂಗ್ರಹಾಲಯದಲ್ಲಿದ್ದರೆ ಸಾಲದೇ? ಮುಂದಿನ ಸಲ ಏನು ತರಲಿ ಎಂದೂ ಕೇಳಿದ್ದಾಳೆ. ಒಡೆಯದಂಥದ್ದು ಏನಾದರೂ ಇದ್ದರೆ ತಿಳಿಸಿ.
– ನಿವೃತ್ತ ಬ್ಯಾಂಕ್ ಅಧಿಕಾರಿ, ದಾವಣಗೆರೆ

ಸಂಪಾದಕರ ಉತ್ತರ:

ಮಾನ್ಯರೇ, ಈ ವಿಷಯದಲ್ಲಿ ನಾನು ನಿಮ್ಮ ಮಗಳ ಪಕ್ಷ. ಹಾಗೆಂದು ನಿಮ್ಮ ಮಾತಿನಲ್ಲಿ ಹುರುಳಿಲ್ಲವೆನ್ನಲಾರೆ. ಜಪಾನಿನ ನಾರಾ ಪಟ್ಟಣದ ಶೋಸೋಯಿನ್ ಭಂಡಾರದಲ್ಲಿ, ಹಿಂದೆ ಪರ್ಷಿಯಾದಿಂದ ಬಂದ ಒಂದು ಕೆತ್ತನೆ ಗಾಜಿನ ಬಟ್ಟಲಿದೆ. ಅದೇ ಬಗೆಯ ಬಟ್ಟಲುಗಳು ಇರಾನಿನ ನೆಲದಡಿ ಸಿಕ್ಕಾಗ ಮಣ್ಣು ತಿಂದು ಮಂಕಾಗಿದ್ದವು. ನಾರಾದ ಬಟ್ಟಲು ಇಂದಿಗೂ ತಿಳಿಯಾಗಿದೆ. ಎತ್ತಿಟ್ಟಿದ್ದರಿಂದಲೇ ಅದು ಉಳಿಯಿತು, ಒಪ್ಪಿದೆ. ಆದರೆ ಉಳಿದದ್ದು ಬಟ್ಟಲು ಮಾತ್ರ. ಅಂಥದ್ದನ್ನು ಮಾಡುವ ಕೈಗಳನ್ನು ಯಾವ ಭಂಡಾರವೂ ಉಳಿಸಿಕೊಡಲಿಲ್ಲ.

ನಿಮ್ಮ ಲೋಟಗಳ ವಂಶದ ಕಥೆ ಕೇಳಿ. 1834ರಲ್ಲಿ, ಇಂದಿನ ಟೋಕಿಯೊ ಇನ್ನೂ ಎದೊ ಆಗಿದ್ದ ಕಾಲದಲ್ಲಿ, ಓದೆನ್ಮಾಚೊ ಪೇಟೆಯ ಗಾಜಿನ ವ್ಯಾಪಾರಿ ಕಗಾಯಾ ಕ್ಯೂಬೇ ಎಂಬಾತ ಎಮರಿ ಎಂಬ ಗಡಸು ಖನಿಜದ ಪುಡಿಯಿಂದ ಉಜ್ಜಿ ಗಾಜಿನ ಮೇಲೆ ಕೆತ್ತನೆ ಮೂಡಿಸಿದ. ಈ ಕಲೆಯ ಆರಂಭವೆಂದು ಹೇಳುವುದು ಅದನ್ನೇ. ಹತ್ತಾರು ವರ್ಷಗಳ ಬಳಿಕ, 1881ರಲ್ಲಿ, ಶಿನಾಗಾವಾದ ಸರ್ಕಾರಿ ಗಾಜಿನ ಕಾರ್ಖಾನೆಗೆ ಎಮಾನುಯೆಲ್ ಹಾಪ್ಟ್‌ಮನ್ ಎಂಬ ತಜ್ಞನನ್ನು ಇಂಗ್ಲೆಂಡಿನಿಂದ ಕರೆಸಿದರು. ಚಕ್ರಕ್ಕೆ ಕೊಟ್ಟು ಗಾಜು ಕೊರೆಯುವ ವಿಧಾನವನ್ನು ಆತ ಹತ್ತಕ್ಕೂ ಹೆಚ್ಚು ಮಂದಿ ಜಪಾನೀ ಶಿಷ್ಯರಿಗೆ ಕಲಿಸಿದ. ಪೇಟೆಯ ಕಸುಬಿಗೆ ಹೊರಗಿನ ವಿದ್ಯೆ ಕೂಡಿತು.

ದಕ್ಷಿಣದ ಸತ್ಸುಮಾ ಸಂಸ್ಥಾನದಲ್ಲಿ ಇದರ ದಾಯಾದಿ ಬೆಳೆಯಿತು. 1851ರಲ್ಲಿ ಅಧಿಕಾರಕ್ಕೆ ಬಂದ ಪ್ರಭು ಶಿಮಾಜು ನರಿಯಾಕಿರಾ ಕಾಗೊಶಿಮಾದಲ್ಲಿ ಕುಲುಮೆಗಳನ್ನು ಹೂಡಿಸಿದ. ಅಲ್ಲಿನ ಗಾಜಿಗೆ ಬಣ್ಣದ ಪದರ ದಪ್ಪ. ಕೆತ್ತಿದಾಗ ಕೆಂಪು ನಿಧಾನವಾಗಿ ತೆಳುವಾಗುತ್ತ ಬಿಳಿಗೆ ಇಳಿಯುತ್ತಿತ್ತು. ನೋಡಲು ಅದಕ್ಕೆ ಸಾಟಿಯಿಲ್ಲ. ಆದರೆ ಅದು ಪ್ರಭುವಿನ ಕಾಣಿಕೆಯ ಸಾಮಗ್ರಿ. ದೊಡ್ಡವರಿಂದ ದೊಡ್ಡವರಿಗೆ ಹೋಗುವಂಥದ್ದು. 1858ರಲ್ಲಿ ಪ್ರಭು ತೀರಿಕೊಂಡ, ಕಸುಬು ಕುಗ್ಗಿತು. 1863ರಲ್ಲಿ ಬ್ರಿಟಿಷ್ ಹಡಗುಗಳು ಕಾಗೊಶಿಮಾದ ಮೇಲೆ ಗುಂಡು ಸುರಿಸಿದಾಗ ಕಾರ್ಖಾನೆಯೂ ಸುಟ್ಟಿತು. ಮುಂದಿನ ಒಂದೆರಡು ದಶಕಗಳೊಳಗೆ ಕಲೆಯೇ ಅಳಿಯಿತು. ಹಳೆಯ ಪಾತ್ರೆಗಳನ್ನೂ ಕಾಗದಪತ್ರಗಳನ್ನೂ ಮುಂದಿಟ್ಟುಕೊಂಡು ಅದನ್ನು ಮತ್ತೆ ಬದುಕಿಸಿದ್ದು 1985ರಲ್ಲಿ. ಎದೊ ಕಿರಿಕೊ ಮಾತ್ರ ಭೂಕಂಪ, ಎರಡನೇ ಮಹಾಯುದ್ಧ ಎರಡನ್ನೂ ದಾಟಿ ಬಂತು, 2002ರಲ್ಲಿ ರಾಷ್ಟ್ರಮಟ್ಟದ ಸಾಂಪ್ರದಾಯಿಕ ಕರಕುಶಲವೆಂಬ ಮಾನ್ಯತೆಯನ್ನೂ ಪಡೆಯಿತು. ಪ್ರಭುವನ್ನು ನೆಚ್ಚಿದ್ದು ಪ್ರಭುವಿನೊಂದಿಗೆ ಹೋಯಿತು, ಪೇಟೆಯ ಜನ ಕೊಂಡು ಬಳಸಿದ್ದು ಉಳಿಯಿತು. ಬ್ರಿಟಿಷರ ಗುಂಡಿನ ಪಾಲು ಇದರಲ್ಲಿ ಇಲ್ಲವೆನ್ನುವುದಿಲ್ಲ, ಆದರೂ ನಾನು ಇದನ್ನು ಹೀಗೆಯೇ ಓದುತ್ತೇನೆ. ಆ ಲೋಟದ ಮೇಲಿನ ವಿನ್ಯಾಸಗಳನ್ನೇ ನೋಡಿ: ಮೀನಿನ ಮೊಟ್ಟೆ, ಬುಟ್ಟಿಯ ಹೆಣಿಗೆ, ಬಿದಿರಿನ ಬೇಲಿ, ಸೆಣಬಿನ ಎಲೆ, ಸೇವಂತಿಗೆ. ಎಲ್ಲವೂ ಮನೆ ಹಿತ್ತಿಲಿನವು.

‘ಅಂಥದೇ ವಿನ್ಯಾಸ’ ಅಗ್ಗಕ್ಕೆ ಸಿಗುತ್ತದೆ ಎಂದಿರಿ. ಇಲ್ಲಿ ನಿಮ್ಮನ್ನು ಸ್ವಲ್ಪ ಗದರಬೇಕಾಗಿದೆ. ಟೋಕಿಯೊದ ಕೋಟೊ ವಾರ್ಡಿನ ಒಂದು ಸಣ್ಣ ಕಾರ್ಯಾಗಾರದಲ್ಲಿ ಈ ಕೆಲಸವನ್ನು ಹತ್ತಿರದಿಂದ ನೋಡಿದ್ದೇನೆ. ಒಳಗೆ ತಿಳಿಗಾಜು, ಹೊರಗೆ ಬಣ್ಣದ ತೆಳು ಪದರ, ಹೀಗೆ ಊದಿದ ಲೋಟ ಸಾಣೆಗಾರನ ಕೈಗೆ ಬರುತ್ತದೆ. ಆತ ಅದರ ಮೇಲೆ ಅಡ್ಡ ಉದ್ದ ಗೆರೆಗಳನ್ನು ಎಳೆದುಕೊಳ್ಳುತ್ತಾನೆ, ಅಷ್ಟೇ. ಹೂವಿನ ಎಸಳು, ಎಲೆಯ ನರ ಯಾವುದನ್ನೂ ಬರೆದುಕೊಳ್ಳುವುದಿಲ್ಲ. ನೀರು ತೊಟ್ಟಿಕ್ಕುತ್ತ ತಿರುಗುವ ಚಕ್ರಕ್ಕೆ ಲೋಟದ ಹೊರಮೈಯನ್ನು ಮೇಲಿನಿಂದ ಒತ್ತಿ ಹಿಡಿದು, ಲೋಟದ ಒಳಗಿನಿಂದ ಕಣ್ಣು ಹಾಯಿಸುತ್ತಾನೆ. ಗಾಜಿನ ಆಚೆ ಬದಿಯಲ್ಲಿ ಚಕ್ರ ಎಷ್ಟು ಆಳಕ್ಕೆ ಇಳಿಯಿತೆಂಬುದು ಅವನಿಗೆ ಕಾಣುವುದು ಹಾಗೆ. ಕಪ್ಪು ಗಾಜು ಎಲ್ಲಕ್ಕಿಂತ ಕಷ್ಟ, ಅದರೊಳಗಿನಿಂದ ಬೆಳಕು ಬರುವುದಿಲ್ಲ, ಕೈಯ ಅಂದಾಜೇ ಗತಿ. ಒಂದು ಗೆರೆ ಕೂದಲೆಳೆಯಷ್ಟು ಸರಿದರೆ ಅದರ ಮೇಲೆ ಬರುವ ಎಲ್ಲ ಗೆರೆಗಳೂ ಕೂಡುವ ಬಿಂದುವನ್ನು ತಪ್ಪುತ್ತವೆ, ತಿದ್ದಲು ಬಾರದು. ಒರಟು ಕೊರೆತ, ನಯ ಕೊರೆತ, ಕಲ್ಲಿನ ಚಕ್ರ, ಕೊನೆಗೆ ಹೊಳಪು. ಆ ಕೆಲಸಗಾರ ತಲೆಯೆತ್ತಿ ನಮ್ಮತ್ತ ನೋಡಲೂ ಇಲ್ಲ, ನೋಡಲಾರ.

ನಿಮ್ಮ ಅಂಗಡಿಯ ಲೋಟವನ್ನು ಅಚ್ಚಿಗೆ ಒತ್ತಿ ತೆಗೆದಿರುತ್ತಾರೆ. ಎರಡನ್ನೂ ಕೈಗೆತ್ತಿಕೊಂಡು ಹೆಬ್ಬೆರಳಿನಿಂದ ಸವರಿ. ಅಚ್ಚಿನದರಲ್ಲಿ ಗೆರೆಯ ಅಂಚು ಮೊಂಡಾಗಿರುತ್ತದೆ, ಸಾಣೆ ಹಿಡಿದದ್ದರಲ್ಲಿ ಚುರುಕಾಗಿರುತ್ತದೆ. ಆಮೇಲೆ ಮಗಳ ಲೋಟಕ್ಕೆ ತಣ್ಣೀರು ಹಾಕಿ ಮೇಲಿನಿಂದ ಬಗ್ಗಿ ನೋಡಿ. ತಳದಲ್ಲಿ ಕೆತ್ತನೆಯಿದ್ದರೆ ಸುತ್ತಲಿನ ಒಂದೊಂದು ಮುಖದಲ್ಲೂ ಆ ತಳದ ಹೂವು ಪುಟ್ಟದಾಗಿ ಮೂಡಿರುತ್ತದೆ. ಶೋಕೇಸಿನ ಗಾಜಿನಾಚೆ ನಿಂತವರಿಗೆ ಇದು ಎಂದಿಗೂ ಕಾಣದು. ಕೈಯಲ್ಲಿ ಹಿಡಿದು ಕುಡಿಯುವವನಿಗೆಂದೇ ಮಾಡಿದ ನೋಟವದು.

ಜಪಾನಿನ ಗಾಜೆಲ್ಲ ಹೀಗೆ ದುಬಾರಿಯೆಂದು ತಿಳಿಯಬೇಡಿ. ಎರಡನೇ ಮಹಾಯುದ್ಧ ಮುಗಿದಾಗ ದಕ್ಷಿಣದ ದ್ವೀಪ ಒಕಿನಾವಾದಲ್ಲಿ ಕಚ್ಚಾವಸ್ತುವೇ ಇರಲಿಲ್ಲ. ಅಲ್ಲಿನ ಕೆಲಸಗಾರರು ಅಮೆರಿಕದ ಸೈನಿಕರು ಬಿಸಾಡಿದ ಕೋಲಾ, ಬಿಯರ್ ಬಾಟಲಿಗಳನ್ನು ಕರಗಿಸಿ ಲೋಟ ಊದಿದರು. ಬಾಟಲಿಯ ಹಸಿರು, ಕಂದು ಬಣ್ಣಗಳು ಹಾಗೆಯೇ ಉಳಿದವು, ಗಾಳಿಗುಳ್ಳೆಗಳೂ ಉಳಿದವು. ಬೇರೆಡೆ ಕುಂದೆಂದು ಎಣಿಸುತ್ತಿದ್ದ ಆ ಗುಳ್ಳೆಗಳೇ, ಒಕಿನಾವಾದ ಹಳೆಯ ಹೆಸರು ಹೊತ್ತ ರ್ಯೂಕ್ಯೂ ಗಾಜಿನ ಗುರುತಾದವು. ಉತ್ತರದ ಅವೊಮೊರಿಯಲ್ಲಿ ಮೀನುಬಲೆಗೆ ಕಟ್ಟುವ ಗಾಜಿನ ತೇಲುಗುಂಡುಗಳನ್ನು ಊದುತ್ತಿದ್ದವರು ಪ್ಲಾಸ್ಟಿಕ್ ಬಂದು ಕೆಲಸ ಕಸಿದಾಗ ಅದೇ ಕೈಚಳಕವನ್ನು ಊಟದ ಮೇಜಿನ ಬಟ್ಟಲು, ಹೂದಾನಿಗಳಿಗೆ ತಿರುಗಿಸಿದರು. ಆ ಸೀಮೆಯ ಹೆಸರಿನ ತ್ಸುಗರು ಗಾಜು ಹುಟ್ಟಿದ್ದು ಹೀಗೆ. ಟೋಕಿಯೊದಲ್ಲಿ 1922ರಲ್ಲಿ ಆರಂಭವಾದ ಶೋತೊಕು ಸಂಸ್ಥೆ ಮೊದಲು ಊದುತ್ತಿದ್ದದ್ದು ವಿದ್ಯುತ್ ದೀಪದ ಬುರುಡೆಗಳನ್ನು. ಆ ತೆಳುವನ್ನು ಲೋಟಕ್ಕೆ ತಂದು ‘ಉಸುಹಾರಿ’ ಮಾಡಿದರು. ಅದರ ದಪ್ಪ ಒಂದು ಮಿಲಿಮೀಟರಿಗೂ ಕಡಿಮೆ. ತುಟಿಗೆ ಗಾಜು ತಾಗಿದ್ದೇ ತಿಳಿಯದು, ನೀರು ಮಾತ್ರ ತಿಳಿಯುತ್ತದೆ. ಇವರಲ್ಲಿ ಯಾರೂ ಸಂಗ್ರಹಾಲಯಕ್ಕಾಗಿ ಊದಲಿಲ್ಲ.

ಹೆಸರಿಲ್ಲದ ಕೈಗಳು ದಿನಬಳಕೆಗೆಂದು ಮಾಡಿದ ವಸ್ತುವಿನಲ್ಲೇ ನಿಜವಾದ ಚೆಲುವಿದೆ ಎಂದು ಜೀವಮಾನವೆಲ್ಲ ವಾದಿಸಿದವರು ಜಪಾನಿನ ಚಿಂತಕ ಯಾನಾಗಿ ಸೋಯೆತ್ಸು. ಅಂಥ ವಸ್ತುಗಳಿಗೆಂದೇ 1936ರಲ್ಲಿ ಟೋಕಿಯೊದಲ್ಲಿ ಒಂದು ಸಂಗ್ರಹಾಲಯ ತೆರೆದವರೂ ಅವರೇ. ಆದರೂ ಅವರು ಜನರಿಗೆ ಹೇಳಿದ್ದು ಬಳಸಿ ಎಂದೇ.

ನನ್ನ ಸಂಕಟ ನಿಮ್ಮೊಬ್ಬರ ಶೋಕೇಸಿನದಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಒಳ್ಳೆಯದೆಲ್ಲವೂ ಬೀಗದೊಳಗಿದೆ. ಅತಿಥಿಗಳಿಗೆಂದು ಕೊಂಡ ಪಿಂಗಾಣಿ ಕಪಾಟಿನಲ್ಲಿರುತ್ತದೆ, ಅತಿಥಿ ಬಂದಾಗ ತೊಳೆಯುವ ಕೆಲಸ ಬೇಡವೆಂದು ಕಾಗದದ ತಟ್ಟೆ ಹೊರಬರುತ್ತದೆ. ಮದುವೆಗೆ ಕೊಟ್ಟ ಇಳಕಲ್ ಸೀರೆ ಮಡಿಕೆಯಲ್ಲೇ ಸೀಳುತ್ತದೆ. ಬೀದರಿನ ಕುಶಲಕರ್ಮಿ ಬೆಳ್ಳಿತಂತಿ ಕೂರಿಸಿದ ಹೂಜಿ ಸನ್ಮಾನದ ಮೇಜಿನಿಂದ ನೇರವಾಗಿ ಅಟ್ಟಕ್ಕೆ ಹೋಗುತ್ತದೆ. ಇವೆಲ್ಲ ನಮ್ಮ ಹೆಮ್ಮೆ ಎಂದು ವೇದಿಕೆಯಲ್ಲಿ ಹೇಳುತ್ತೇವೆ, ಮನೆಗೆ ಬಂದು ಪ್ಲಾಸ್ಟಿಕ್ ಬಾಟಲಿಯಿಂದ ನೀರು ಕುಡಿಯುತ್ತೇವೆ. ಬಳಸಿದ್ದು ಸವೆಯುತ್ತದೆ, ಒಡೆಯುತ್ತದೆ, ಆಗ ಇನ್ನೊಂದನ್ನು ಕೊಳ್ಳಬೇಕಾಗುತ್ತದೆ, ಹಾಗೆ ಕೊಂಡಾಗಲೇ ಮಾಡುವವನ ಮಗನೋ ಮಗಳೋ ಆ ಕಸುಬಿಗೆ ಕೂರುವುದು. ಜಪಾನಿನಲ್ಲೂ ಈ ಕಷ್ಟ ತಪ್ಪಿಲ್ಲ. ಗಾಜು ಕರಗಿಸುವ ಕುಲುಮೆಯನ್ನು ರಾತ್ರಿ ಆರಿಸಿ ಬೆಳಗ್ಗೆ ಹೊತ್ತಿಸಲಾಗದು, ಹಗಲಿರುಳು ಉರಿಯಬೇಕು. ಉತ್ತರಾಧಿಕಾರಿಯಿಲ್ಲದೆ, ಇಂಧನದ ವೆಚ್ಚ ತಾಳದೆ ಕುಲುಮೆಗಳು ಮುಚ್ಚುತ್ತಿವೆ. ನಿಮ್ಮ ಮಗಳು ಕೊಟ್ಟ ಹಣ ಆ ಉರಿಗೆ ಬಿದ್ದಿದೆ, ಅದು ದುಂದಲ್ಲ.

ಇನ್ನು ಬಳಕೆಯ ಮಾತು. ಬಿಸಿ ಕಾಫಿ ಬೇಡವೇ ಬೇಡ. ಕೆತ್ತನೆಯ ಗಾಜಿನಲ್ಲಿ ಒಂದು ಕಡೆ ದಪ್ಪ, ಒಂದು ಕಡೆ ತೆಳುವಿರುವುದರಿಂದ ಬಿಸಿಗೆ ಸೀಳಬಹುದು. ಜಪಾನಿನಲ್ಲೂ ಗಾಜು ಬೇಸಿಗೆಯ ಪಾತ್ರೆಯೇ, ಬಾರ್ಲಿಯ ತಂಪು ಚಹಾ, ತಣ್ಣನೆಯ ಸೋಮೆನ್ ಶ್ಯಾವಿಗೆ ಗಾಜಿನಲ್ಲೇ ಬರುತ್ತವೆ. ದಾವಣಗೆರೆಯ ಬಿಸಿಲಿಗೆ ನೀರು, ಮಜ್ಜಿಗೆ ಧಾರಾಳವಾಗಿ ಆಗುತ್ತದೆ. ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಸೀಸದ ಗಾಜೆಂದಿದ್ದರೆ ನಿಂಬೆ ಪಾನಕವನ್ನು ಹೊತ್ತುಗಟ್ಟಲೆ ಅದರಲ್ಲಿ ಬಿಡಬೇಡಿ. ಮೆದು ಸ್ಪಂಜಿನಿಂದ ಒಂದೊಂದಾಗಿ ತೊಳೆಯಿರಿ, ತಂತಿ ಬ್ರಷ್ ಹತ್ತಿರ ತರಬೇಡಿ, ಒಂದರೊಳಗೊಂದು ಇಡಬೇಡಿ. ಬಾಯಂಚಿನಲ್ಲಿ ಚೂರು ಎದ್ದರೆ ಎದೆಗುಂದಬೇಕಿಲ್ಲ. ಕೆಲವು ಕಾರ್ಯಾಗಾರಗಳಲ್ಲಿ ಅಂಚನ್ನು ಅರೆದು ಸಮ ಮಾಡಿಕೊಡುತ್ತಾರೆ, ಲೋಟ ತುಸು ಕುಳ್ಳಗಾಗುತ್ತದೆ, ಅಷ್ಟೇ.

ಒಡೆಯದ ವಸ್ತುವನ್ನು ಮಾತ್ರ ಕೇಳಬೇಡಿ. ಮಗಳಿರುವ ನಿಶಿಕಸಾಯಿಗೆ ಸುಮಿದಾ, ಕೋಟೊ ವಾರ್ಡುಗಳು ದೂರವಲ್ಲ, ಈ ಕಸುಬಿನ ತವರು ಅದೇ ಸೀಮೆ. ಬಣ್ಣವಿಲ್ಲದ, ಕೆತ್ತನೆಯಿಲ್ಲದ, ಬಾಯಿಂದ ಊದಿದ ತೆಳು ಲೋಟಗಳು ಅಲ್ಲಿ ಎದೊ ಕಿರಿಕೊಗಿಂತ ಬಹಳ ಕಡಿಮೆ ಬೆಲೆಗೆ ಸಿಗುತ್ತವೆ. ಮನೆಮಂದಿಗೆಲ್ಲ ಒಂದೊಂದು ತರಲು ಹೇಳಿ, ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಸ್ಟೀಲ್ ಲೋಟಗಳ ಪಕ್ಕದಲ್ಲೇ ಇಡಿ.