ಸ್ಕ್ರೂ ಹಾಕೋಕ್ ಮುಂಚೆ ಒಂದು ಸಣ್ಣ ತೂತು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮದು ಅಗ್ರಹಾರದ ಕಡೆ ಹಳೇ ಮನೆ, ಬಾಗಿಲು ಚೌಕಟ್ಟು ಎಲ್ಲಾ ತೇಗ. ಹೊಸ ಚಿಲಕ ಕೂರಿಸೋಕೆ ಹೋದ್ರೆ ಒಂದು ಸ್ಕ್ರೂ ಅರ್ಧಕ್ಕೇ ನಿಂತ್ಕೊಳ್ತು, ಅಂಚಲ್ಲಿ ಹಾಕಿದ್ದು ಮರಾನೇ ಸೀಳಿಬಿಡ್ತು. ತಾತನ ಪೆಟ್ಟಿಗೇಲಿ ಎರಡು ಸಾಮಾನು ಇವೆ. ಒಂದಕ್ಕೆ ಅಡ್ಡ ಹಿಡಿ, ಮೂತಿ ಸ್ಕ್ರೂ ಥರ ಸುರುಳಿ. ಇನ್ನೊಂದಕ್ಕೆ ದುಂಡು ಹಿಡಿ, ಮೂತಿ ಪುಟ್ಟ ಉಳಿ ಥರ ಚಪ್ಪಟೆ. ಡ್ರಿಲ್ ಮೆಷಿನ್ ಇರೋವಾಗ ಇವು ಬೇಕಾ?
(ಓದುಗರು, ಮೈಸೂರು)

ಉತ್ತರ: ಬೇಕು ಸಾರ್, ದಯವಿಟ್ಟು ಗುಜರಿಗೆ ಹಾಕ್ಬೇಡಿ. ಅಡ್ಡ ಹಿಡಿದು ಕೈ ಬೈರಿಗೆ, ಅಂಗಡೀಲಿ ಗಿಮ್ಲೆಟ್ ಅಂತಾರೆ. ಚಪ್ಪಟೆ ಮೂತೀದು ಬ್ರಾಡಾಲ್. ಇದರದ್ದೇ ಜಾತಿಯ ಚೌಕ ಮೂತೀದನ್ನ ಎಲೆಕ್ಟ್ರಿಷಿಯನ್‌ಗಳು ಪೋಕರ್ ಅಂತಾರೆ, ಐಟಿಐ ಎಲೆಕ್ಟ್ರಿಷಿಯನ್ ಹುಡುಗರಿಗೆ ಇವತ್ತಿಗೂ ಇದನ್ನ ಹೇಳಿಕೊಡ್ತಾರೆ, ಯಾಕಂದ್ರೆ ಹಿಂದೆ ಮನೆಗಳಲ್ಲಿ ವೈರಿಂಗ್ ಎಲ್ಲಾ ಮರದ ಪಟ್ಟಿ ಮೇಲೇ ಓಡ್ತಿತ್ತು, ಸ್ವಿಚ್ ಬೋರ್ಡೂ ಮರದ್ದೇ, ಗೋಡೆ ಹತ್ರ ಏಣಿ ಮೇಲೆ ನಿಂತ್ಕೊಂಡು ಒಂದೇ ಕೈಲಿ ಚುಚ್ಚಿ ಸ್ಕ್ರೂ ಕೂರಿಸ್ಬೇಕಿತ್ತು.

ಈಗ ನಿಮ್ಮ ಮರ ಯಾಕೆ ಸೀಳ್ತು ಅಂತ ನೋಡೋಣ. ಸ್ಕ್ರೂ ಒಳಗೆ ಹೋಗ್ಬೇಕಂದ್ರೆ ಅದರ ನಡುಗಂಬದಷ್ಟು ಜಾಗ ಮೊದಲೇ ಇರ್ಬೇಕು, ಇಲ್ಲಾಂದ್ರೆ ಅದು ಬೆಣೆ ಥರ ನಾರನ್ನ ಎರಡೂ ಕಡೆ ತಳ್ಳುತ್ತೆ, ಹಲಗೆ ನಡುವೆ ಆದ್ರೆ ಹೇಗೋ ತಡ್ಕೊಳ್ಳುತ್ತೆ, ಅಂಚಲ್ಲಿ ಆಚೆ ಕಡೆ ಮರಾನೇ ಇಲ್ವಲ್ಲ, ಬಾಯಿ ಬಿಡುತ್ತೆ. 8 ನಂಬರ್ ಸ್ಕ್ರೂ ಅಂದ್ರೆ ದಪ್ಪ 4 ಮಿ.ಮೀ. ಮೇಲೆ ಸ್ವಲ್ಪ, ಮರೆ, ಅಂದ್ರೆ ಮೈಮೇಲಿನ ಸುರುಳಿ ಏಣು, ಬಿಟ್ಟು ನಡುಗಂಬ ಹೆಚ್ಚುಕಮ್ಮಿ 3 ಮಿ.ಮೀ. ತೇಗ, ಬೀಟೆ, ಹೊನ್ನೆ ಥರ ಗಟ್ಟಿ ಮರಕ್ಕೆ 3 ಮಿ.ಮೀ. ತೂತೇ ಬೇಕು, ಮೆತ್ತಗಿನ ಮರಕ್ಕೆ 2ರಿಂದ 2.5 ಸಾಕು.

ಬ್ರಾಡಾಲ್ ಹಿಡಿಯೋ ರೀತಿ ಒಂದೇ, ಅದನ್ನ ತಪ್ಪಿದ್ರೆ ಎಲ್ಲಾ ಕೆಟ್ಟಂಗೆ. ಚಪ್ಪಟೆ ಅಲಗನ್ನ ನಾರಿಗೆ ಅಡ್ಡಲಾಗಿ ಇಡ್ಬೇಕು. ನಾರು ಮೇಲಿಂದ ಕೆಳಕ್ಕೆ ಓಡ್ತಿದ್ರೆ ಅಲಗು ಎಡದಿಂದ ಬಲಕ್ಕೆ. ಆಮೇಲೆ ಅಂಗೈಲಿ ಒತ್ತಿ ಮೊದಲು ನಾರು ಕತ್ತರಿಸಿಕೊಳ್ಳಿ, ಕತ್ತರಿಸಿದ ಮೇಲೆ ಮಾತ್ರ ಕಾಲು ಸುತ್ತು ಆಕಡೆ, ಕಾಲು ಸುತ್ತು ಈಕಡೆ, ಒತ್ತಡ ಬಿಡದೆ. ಪೂರ್ತಿ ಸುತ್ತು ತಿರುಗಿಸ್ಬೇಡಿ. ನಾರಿನ ಉದ್ದಕ್ಕೇ ಅಲಗು ಇಟ್ಟು ಒತ್ತಿದ್ರೆ ಸೌದೆ ಸೀಳಿದ ಹಾಗೆ, ಸ್ಕ್ರೂ ಮಾಡೋ ಕೆಡುಕನ್ನ ನೀವೇ ಕೈಯಾರೆ ಮಾಡ್ದಂಗೆ. ಇದು ಹೊಟ್ಟು ಆಚೆ ತೆಗೆಯಲ್ಲ, ನಾರನ್ನ ಪಕ್ಕಕ್ಕೆ ಸರಿಸುತ್ತೆ ಅಷ್ಟೇ, ಅದಕ್ಕೇ ಸಣ್ಣ ಸ್ಕ್ರೂ ಇದರ ತೂತಲ್ಲಿ ಬಿಗಿಯಾಗಿ ಕೂರುತ್ತೆ.

ಬೈರಿಗೆಗೆ ಇಷ್ಟು ಬಲ ಬೇಡ, ಮೂತಿಯ ಸುರುಳಿ ತಾನೇ ಒಳಕ್ಕೆ ಎಳ್ಕೊಳ್ಳುತ್ತೆ. ನಾಲ್ಕೈದು ಸುತ್ತಿಗೊಮ್ಮೆ ಹಿಂದಕ್ಕೆ ತಿರುಗಿಸಿ ತೆಗೆದು ಹೊಟ್ಟು ಕೊಡವಿ, ಇಲ್ಲಾಂದ್ರೆ ಕಚ್ಕೊಂಡು ಮೂತಿ ಮುರಿಯುತ್ತೆ. ಹಲಗೆಯ ಅಂಚಲ್ಲಿ ಮಾತ್ರ ಬೈರಿಗೆ ಬೇಡವೇ ಬೇಡ, ಅದರ ಮೂತಿಯೂ ಬೆಣೇನೇ. ಅಲ್ಲಿಗೆ ಚೌಕ ಪೋಕರ್ ಒಳ್ಳೇದು, ನಾಲ್ಕು ಮೂಲೆಯೂ ಕೆರೀತಾ ಹೋಗುತ್ತೆ, ಸೀಳೋದು ಕಮ್ಮಿ.

ಡ್ರಿಲ್ ಇದೆ ಅಂದ್ರಲ್ಲ, ಉಪಯೋಗಿಸಿ, ನಿಮ್ಮ ಚಿಲಕಕ್ಕೆ ಡ್ರಿಲ್ಲೇ ಸರಿ, ಆ ತೇಗದಲ್ಲಿ ಅಷ್ಟು ಆಳಕ್ಕೆ ಕೈಲಿ ಚುಚ್ಚಿ ಇಳಿಸೋಕೆ ಆಗಲ್ಲ. ಆದ್ರೆ ಬಿಟ್ ಇಡೋ ಜಾಗದಲ್ಲಿ ಮೊದಲು ಬ್ರಾಡಾಲ್‌ನಿಂದ ಒಂದು ಗುಳಿ ಮಾಡಿ. ಪಾಲಿಶ್ ಆದ ಮರದ ಮೇಲೆ ಬಿಟ್ ಜಾರಿ ಓಡಾಡುತ್ತೆ, ತೂತು 2 ಮಿ.ಮೀ. ಪಕ್ಕಕ್ಕೆ ಬಿದ್ರೂ ಚಿಲಕ ಸೊಟ್ಟ. ಸ್ಕ್ರೂಗೆ ಮೇಣದಬತ್ತಿ ಉಜ್ಜಿ ಹಾಕಿ. ಸೋಪು ಬೇಡ, ಅದು ತೇವ ಎಳೆದು ತುಕ್ಕು ಹಿಡಿಸುತ್ತೆ.

ಪ್ರಶ್ನೆ: ಬ್ರಾಡಾಲ್ ನಮ್ಮ ಊರಲ್ಲಿ ಸಿಗ್ತಿಲ್ಲ. ಹಳೇ ಸ್ಕ್ರೂಡ್ರೈವರ್ ಸಾಣೆ ಹಿಡಿಸಿದ್ರೆ ಆಗುತ್ತಾ?
(ಓದುಗರು, ಮದ್ದೂರು)

ಉತ್ತರ: ಧಾರಾಳವಾಗಿ ಆಗುತ್ತೆ, ತೆಳ್ಳಗಿನ ಕಡ್ಡಿ ಇರೋದು ಆರಿಸ್ಕೊಳ್ಳಿ. ಎರಡೂ ಕಡೆ ಸಮವಾಗಿ ಉಜ್ಜಿ ಉಳಿ ಥರ ಅಲಗು ತನ್ನಿ. ಸಾಣೆಗೆ ಕೊಟ್ಟಾಗ ಪಕ್ಕದಲ್ಲಿ ಮಗ್ಗಲ್ಲಿ ನೀರು ಇಟ್ಕೊಂಡು ಆಗಾಗ ಅದ್ದಿ ಅಂತ ಹೇಳಿ, ತುದಿ ನೀಲಿ ಬಣ್ಣಕ್ಕೆ ತಿರುಗಿತು ಅಂದ್ರೆ ಹದ ಹೋಯ್ತು, ಆಮೇಲೆ ಅಲಗು ನಿಲ್ಲಲ್ಲ. ಅರದಲ್ಲಿ ಕೈಯಲ್ಲೇ ಉಜ್ಜೋದಾದ್ರೆ ಆ ಭಯ ಇಲ್ಲ, ಸ್ವಲ್ಪ ಹೊತ್ತು ಹಿಡಿಯುತ್ತೆ ಅಷ್ಟೇ.

ಪ್ರಶ್ನೆ: ಅಮ್ಮನ ಬೀಟೆ ಮರದ ಇನ್‌ಲೇ ಪೆಟ್ಟಿಗೆಯ ಹಿಂಜಸ್ ಕಳಚಿದೆ, ಹಳೇ ತೂತು ದೊಡ್ಡದಾಗಿ ಸ್ಕ್ರೂ ನಿಲ್ತಿಲ್ಲ.
(ಓದುಗರು, ಶ್ರೀರಂಗಪಟ್ಟಣ)

ಉತ್ತರ: ಮೇಡಂ, ದೊಡ್ಡ ಸ್ಕ್ರೂ ಮಾತ್ರ ತಿರುಗಿಸ್ಬೇಡಿ, ಮರದಲ್ಲಿ ಚಿತ್ತಾರ ಕೊರೆದು ಕೂರಿಸೋ ಮೈಸೂರು ಇನ್‌ಲೇ ಕೆಲಸ ಅದು, ಸೀಳಿದ್ರೆ ಮತ್ತೆ ಬರಲ್ಲ. ಬಿದಿರಿನ ಕಡ್ಡಿ ಸಣ್ಣಗೆ ಸೀಳಿ ಮರದ ಅಂಟಲ್ಲಿ ಅದ್ದಿ ಹಳೇ ತೂತಿಗೆ ತುಂಬಿ ಒಂದು ದಿನ ಒಣಗೋಕೆ ಬಿಡಿ, ಮೇಲೆ ಉಳಿದಿದ್ದನ್ನ ಬ್ಲೇಡಲ್ಲಿ ಸಮ ಮಾಡಿ, ಆಮೇಲೆ ಪೋಕರ್‌ನಿಂದ ಹೊಸ ತೂತು ಮಾಡಿ. ಹಿತ್ತಾಳೆ ಸ್ಕ್ರೂ ಮೆತ್ತಗಿರುತ್ತೆ, ಬೀಟೆಯಲ್ಲಿ ತಲೆ ಕಿತ್ತೋಗುತ್ತೆ, ಅದಕ್ಕೆ ಅದೇ ಅಳತೆಯ ಸ್ಟೀಲ್ ಸ್ಕ್ರೂ ಒಂದ್ಸಲ ಹಾಕಿ ತೆಗೆದು ತೂತಲ್ಲಿ ಸ್ಕ್ರೂ ಮರೆ ಮೂಡಿಸ್ಕೊಂಡು, ಕೊನೇಲಿ ಹಿತ್ತಾಳೇದು ಕೈಲೇ ನಿಧಾನಕ್ಕೆ ಬಿಗಿ ಮಾಡಿ. ಹಳೇ ಪೆಟ್ಟಿಗೆ ಅಂದ್ರೆ ಬಿಳೀ ಚಿತ್ತಾರ ದಂತದ್ದೂ ಇರಬಹುದು, ಅದರ ಮೇಲೆ ಮೂತಿ ತಾಕಿಸ್ಬೇಡಿ, ಬಿರುಕು ಬಿಡುತ್ತೆ. ಹಿಂಜಸ್ ಜಾಗ ಚಿತ್ತಾರಕ್ಕೆ ತೀರಾ ಹತ್ರ ಇದ್ರೆ ಮೈಸೂರಿನ ಮಂಡಿ ಮೊಹಲ್ಲಾದ ಇನ್‌ಲೇ ಕೆಲಸದವರ ಹತ್ರಾನೇ ಒಯ್ದು ಮಾಡಿಸಿ.